ಪಿನ್ನಿಗೆ ಬಗ್ಗದ ಡಬ್ಬಿ

ಪಿನ್ನಕ್ಕನಿಗೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ ಬೀದಿಯಲ್ಲಿ ತಲೆಗೊಂದು ಕಥೆ ಸಿಗುತ್ತದೆ. ಹುಟ್ಟುವಾಗಲೇ ಮುಷ್ಟಿಯಲ್ಲಿ ಪಿನ್ನು ಹಿಡಿದುಕೊಂಡು ಬಂದಳು, ಅದು ಚುಚ್ಚಿ ಸೂಲಗಿತ್ತಿ ಇವತ್ತಿಗೂ ಬೆರಳು ಊದಿಕೊಳ್ಳುತ್ತಾಳೆ ಎಂದು ಎದುರಂಗಡಿಯ ಕ್ಷೌರಿಕ ಕತ್ತರಿ ಮಾಮ ಆಣೆ ಹಾಕಿ ಹೇಳುತ್ತಾನೆ. ಕತ್ತರಿ ಮಾಮನ ಆಣೆಗಳೆಲ್ಲ ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಆ ಅಂಗಡಿಯ ಮುಂದೆ ಸಿಂಹಗಳು ಗಡ್ಡ ಬೋಳಿಸಿಕೊಳ್ಳಲು ಸಾಲು ನಿಂತಿರಬೇಕಿತ್ತು. ನಿಜ ಇಷ್ಟೇ: ಅವಳ ಅಂಗಿಯ ಕತ್ತಿನಂಚಿಗೆ ಸದಾ ಒಂದು ಪಿನ್ನು ಸಿಕ್ಕಿಸಿಕೊಂಡಿರುತ್ತದೆ. ಅವಳ ಕಸುಬಿಗೆ ಅದು ಬೇಕು.

ಕಸುಬೂ ಅಂಥಾದ್ದೇ. ಸಾಬೂನಿನ ಬಿಲ್ಲೆಯಷ್ಟು ಸಣ್ಣ ರೂಟರ್ ಡಬ್ಬಿಗಳು ಬರುತ್ತವಲ್ಲ, ತಳ್ಳುಗಾಡಿಯಲ್ಲಿ ಬಾಚಣಿಗೆ, ಬ್ಯಾಟರಿಗಳ ಜೊತೆ ಸುರಿದು ಮಾರುತ್ತಾರೆ, ಅವು. ಊರೂರು ಅಲೆಯುವವರು ಕೊಳ್ಳುತ್ತಾರೆ. ಜೇಬಿನಲ್ಲಿಟ್ಟುಕೊಂಡು ಹೋಗಿ ತಂಗಿದ ಕಡೆ ಚುಚ್ಚಿದರೆ, ಅಲ್ಲಿನ ನೆಟ್ಟನ್ನು ಹಿಡಿದು ತಮ್ಮ ಸಾಮಾನುಗಳಿಗೆಲ್ಲ ಹಂಚುತ್ತದೆ. ಆದರೆ ಕಂಪನಿಯವರು ಅದರೊಳಗೆ ತುಂಬಿ ಕಳಿಸುವ ಫರ್ಮ್‌ವೇರ್, ಎಂದರೆ ಅದರ ತಲೆಯೊಳಗಿನ ಬುದ್ಧಿ, ಬಲು ಸೋಮಾರಿ. ಎರಡು ದಿನಕ್ಕೊಮ್ಮೆ ಮಂಕು ಬಡಿದು ಕೂರುತ್ತದೆ. ಪಿನ್ನಕ್ಕ ಆ ಬುದ್ಧಿಯನ್ನು ತೆಗೆದು ಬೇರೆ ಬುದ್ಧಿ ತುಂಬುತ್ತಾಳೆ. ಈ ಬೇರೆ ಬುದ್ಧಿ ಯಾರಪ್ಪನ ಸ್ವತ್ತೂ ಅಲ್ಲ. ಎಲ್ಲೆಲ್ಲೋ ಕೂತ, ಒಬ್ಬರ ಮುಖ ಒಬ್ಬರು ನೋಡದ ಜನ ಸೇರಿ ಬರೆದು, ಯಾರು ಬೇಕಾದರೂ ತಗೊಳ್ಳಿ ಎಂದು ಬಾವಿಕಟ್ಟೆಯ ಹಗ್ಗದ ಹಾಗೆ ಬಿಟ್ಟುಹೋಗಿದ್ದು. ತುಂಬಿದ ಮೇಲೆ ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ನು ಹಾಕಿ ಒತ್ತಿ ಹಿಡಿದರೆ, ಹಳೆಯ ಹೆಸರು, ಹಳೆಯ ಗುಟ್ಟು ಎಲ್ಲ ಅಳಿಸಿಹೋಗಿ ಡಬ್ಬಿ ಈಗ ಹುಟ್ಟಿದ ಕೂಸಾಗುತ್ತದೆ. "ಪಿನ್ನು ಒತ್ತಿದ್ರೆ ಪಾಪ ಹೋಯ್ತು," ಎನ್ನುವುದು ಅವಳ ಮಾತು. ಹೆಸರು ಅಂಟಿಕೊಂಡದ್ದು ಹಾಗೆ.

ಅಂಗಡಿ ಅಪ್ಪನ ಕಾಲದ್ದು. ಅಪ್ಪ ರೇಡಿಯೋ ರಿಪೇರಿಯವನು. ಅವನು ರಿಪೇರಿ ಮಾಡಿದ ರೇಡಿಯೋ ನಾಳೆಯ ಸುದ್ದಿಯನ್ನು ಇವತ್ತೇ ಓದುತ್ತಿತ್ತಂತೆ. ಅದನ್ನು ಕೇಳಿ ಬೀದಿಯವರು ಛತ್ರಿ ಹಿಡಿದು ಹೊರಟರೆ ಸುಳ್ಳಾಗುತ್ತಿರಲಿಲ್ಲವಂತೆ. ಇದೂ ಕತ್ತರಿ ಮಾಮನದೇ ಆಣೆ. ಅಪ್ಪ ಹೋದ ಮೇಲೆ ಉಳಿದದ್ದು ಮೂವರು: ಅಮ್ಮ, ಪಿನ್ನಕ್ಕ, ಅವಳ ತಮ್ಮ. ತಮ್ಮ ಸರಕು ಹಡಗಿನಲ್ಲಿ ಅಡುಗೆಯವನಾದ. ಈಜು ಬಾರದವನು, ಬಚ್ಚಲಲ್ಲಿ ಬಿಸಿನೀರು ಜಾಸ್ತಿ ಬಿದ್ದರೂ ಕೂಗಿಕೊಳ್ಳುವವನು, ಹಡಗು ಹತ್ತಿದ.

"ನೀರಲ್ಲಿ ಬಿದ್ರೆ ಏನೋ ಮಾಡ್ತೀಯ?" ಅಂತ ಅಮ್ಮ ಕೇಳಿದ್ದಕ್ಕೆ, "ಬೀಳೋದು ಯಾಕಮ್ಮ, ನಾನು ಒಳಗಡೆ ಸಾರು ಕುದಿಸ್ತಿರ್ತೀನಿ. ನೀರು ನನ್ನ ಹತ್ರ ಬಂದ್ರೆ ಅದನ್ನೂ ಕುದಿಸಿಬಿಡ್ತೀನಿ," ಅಂದಿದ್ದ.

ಅವನಿಗೆಂದು ಪಿನ್ನಕ್ಕ ಒಂದು ಡಬ್ಬಿ ಮಾಡಿದಳು. ಹಡಗು ಯಾವುದೇ ದಡ ಮುಟ್ಟಲಿ, ಇಳಿದು ಚಹಾದಂಗಡಿಗೆ ಹೋಗಿ ಅಲ್ಲಿನ ನೆಟ್ಟಿಗೆ ಡಬ್ಬಿಯನ್ನು ಹಚ್ಚಿದರೆ ಸಾಕು, ಅದು ಮೊದಲು ಮಾಡುವ ಕೆಲಸ ಮನೆಗೆ ಕೂಗು ಹಾಕುವುದು. ಆ ಕೂಗು ಕೇಳಿಸಿಕೊಳ್ಳುವ ಇನ್ನೊಂದು ಡಬ್ಬಿಯನ್ನು ಅವಳು ಅಪ್ಪನ ಕೆಟ್ಟುಹೋದ ರೇಡಿಯೋದ ಹೊಟ್ಟೆಯೊಳಗೆ ಕೂರಿಸಿದಳು. ಕೂಗು ಬಂದ ಕೂಡಲೇ ರೇಡಿಯೋದ ಮುಳ್ಳಿನ ಹಿಂದೆ ಹಳದಿ ದೀಪ ಹತ್ತುತ್ತಿತ್ತು, ಅಲ್ಲಿ ಡಬ್ಬಿ ಕಿತ್ತರೆ ಆರುತ್ತಿತ್ತು. ಹತ್ತಿದ ಸ್ವಲ್ಪ ಹೊತ್ತಿಗೆ ಫೋನು. "ಅಮ್ಮಾ, ಮುಟ್ಟಿದೆ." ಅಮ್ಮನಿಗೆ ಫೋನಿಗಿಂತ ದೀಪದ ಮೇಲೆ ಪ್ರೀತಿ ಜಾಸ್ತಿ. ಫೋನಿನಲ್ಲಿ ಮಗ ಸುಳ್ಳು ಹೇಳಬಹುದು, ಹುಷಾರಿಲ್ಲದಿದ್ದರೂ ಹುಷಾರಾಗಿದ್ದೀನಿ ಅನ್ನಬಹುದು. ದೀಪಕ್ಕೆ ಸುಳ್ಳು ಬರುವುದಿಲ್ಲ.

ತಮ್ಮನಿಗೆ ಒಂದು ಕೆಟ್ಟ ಚಾಳಿ. ಅಕ್ಕನ ಕೈ ನೋಡಿ ನೋಡಿ, ಯಾವ ತೊಂದರೆಗೂ ಪಿನ್ನೇ ಮದ್ದು ಅಂದುಕೊಂಡಿದ್ದ. ನೆಟ್ಟು ನಿಧಾನ, ಒತ್ತು ಪಿನ್ನು. ಚಹಾ ತಣ್ಣಗಿದೆ, ಒತ್ತು ಪಿನ್ನು. ಒತ್ತಿದಾಗಲೆಲ್ಲ ಮನೆಯ ದಾರಿಯೇ ಅಳಿಸಿಹೋಗಿ ಡಬ್ಬಿ ಮೂಗನಂತೆ ಕೂರುತ್ತಿತ್ತು. ಒಮ್ಮೆ ರಜೆಗೆ ಬಂದಾಗ ಪಿನ್ನಕ್ಕ ಅವನ ತಲೆಗೊಂದು ಮೊಟಕಿ ಕೂತಳು. ಮನೆಯ ದಾರಿಯನ್ನು ಮೇಲೆ ಬರೆದರೆ ತಾನೇ ಅಳಿಸುವುದು? ಫರ್ಮ್‌ವೇರ್ ಕಟ್ಟುವಾಗಲೇ ಅದರ ತಳದಲ್ಲಿ, ಪಿನ್ನು ಮುಟ್ಟದ ಜಾಗದಲ್ಲಿ, ದಾರಿಯನ್ನು ಸೇರಿಸಿ ಕಟ್ಟಿದಳು.

"ಇನ್ನು ನೀನು ಕಡಪಾರೆ ತಗೊಂಡು ಒತ್ತಿದ್ರೂ ಇದು ಮನೆ ಮರೆಯಲ್ಲ ಕಣೋ," ಅಂದಳು.

"ನಾನು ಮರೆತ್ರೆ?"

"ನಿನ್ನ ತಲೆಗೂ ಒಂದು ಕ್ಲಿಪ್ಪು ಹಾಕಿ ತುಂಬಿಸ್ತೀನಿ."

ಕೆಡಿಸಿಕೊಂಡರೆ ಇನ್ನೊಂದು ಮಾಡಿಕೊಡಲು ಇರಲಿ ಎಂದು ಆ ಡಬ್ಬಿಯ ಬುದ್ಧಿ ಕೂತಿರುವ ಚಿಪ್ಪಿಗೆ, ಎಂದರೆ ಒಳಗಿನ ಕರಿ ಬಿಲ್ಲೆಗೆ, ಕ್ಲಿಪ್ಪು ಕಚ್ಚಿಸಿ ಪೂರ್ತಿ ಒಂದು ಪ್ರತಿ ತೆಗೆದು ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಳು.

ಅವತ್ತು ಮಧ್ಯಾಹ್ನ ತಮ್ಮನೇ ಅಡುಗೆ ಮಾಡಿದ. ಸಾರಿಗೆ ಉಪ್ಪು ಎರಡು ಪಾಲು ಬಿದ್ದಿತ್ತು. ಅಮ್ಮ ಒಂದು ಚಮಚ ಬಾಯಿಗಿಟ್ಟು ಮುಖ ಸಿಂಡರಿಸಿ, "ಇದೇ ಸಾರು ಅಲ್ಲೂ ಮಾಡಿದ್ರೆ ನಿನ್ನನ್ನೇ ಎತ್ತಿ ಸಮುದ್ರಕ್ಕೆ ಎಸೀತಾರೆ ನೋಡ್ತಿರು," ಅಂದಳು. ಮೂವರೂ ನಕ್ಕರು. ತಮ್ಮ ಎರಡು ಸಲ ಬಡಿಸಿಕೊಂಡು ಉಂಡ. ಮಾರನೆಯ ದಿನ ಹೊರಟ.

ಆ ಹಡಗಿನಿಂದ ಅವನು ಮರಳಲಿಲ್ಲ. ಕಂಪನಿಯವನೊಬ್ಬ ಬಂದು, ಬೂಟು ಬಿಚ್ಚಲೋ ಬೇಡವೋ ಎಂದು ಹೊಸ್ತಿಲಲ್ಲಿ ಒದ್ದಾಡಿ, ಕೊನೆಗೆ ನಿಂತುಕೊಂಡೇ ಹೇಳಿದ: ಗಾಳಿ ಜೋರಿದ್ದ ದಿನ ಮುಸುರೆ ಚೆಲ್ಲಲೆಂದು ಡೆಕ್ಕಿಗೆ ಹೋದವನು ಒಳಗೆ ಬರಲಿಲ್ಲ, ಹುಡುಕಿದೆವು, ಸಿಗಲಿಲ್ಲ.

"ಸಿಗಲಿಲ್ಲ ಅಂದ್ರೆ?" ಅಮ್ಮ ಕೇಳಿದಳು.

"ಸಿಗಲಿಲ್ಲ ಅಂದ್ರೆ... ಸಿಗಲಿಲ್ಲ ತಾಯಿ."

"ಹಂಗಾದ್ರೆ ಇನ್ನೂ ಹುಡುಕ್ಬೇಕು ಅಂತ ಅರ್ಥ," ಅಂದಳು ಅಮ್ಮ. ಅವನಿಗೆ ಕೂರಲು ಕುರ್ಚಿ ಕೊಟ್ಟಳು, ಚಹಾ ಕೊಟ್ಟಳು, ಅವನ ಮಾತನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಅವಳ ಕುರ್ಚಿ ರೇಡಿಯೋದ ಎದುರಿಗೆ ಬಂತು. ಎರಡು ತುತ್ತು ತಿಂದು ತಟ್ಟೆ ಸರಿಸುವಳು. ಯಾರಾದರೂ ಸಮಾಧಾನ ಹೇಳಲು ಬಂದರೆ, "ದೀಪ ಹತ್ತಲಿ ತಡೀರಿ," ಅನ್ನುವಳು. ತಿಂಗಳುಗಳು ಉರುಳಿದವು. ದೀಪ ಹತ್ತಲಿಲ್ಲ. ಪಿನ್ನಕ್ಕ ಅತ್ತದ್ದನ್ನು ಯಾರೂ ನೋಡಲಿಲ್ಲ. ಬೆಸುಗೆಯ ಹೊಗೆ ಕಣ್ಣಿಗೆ ಹೋಯಿತು ಅನ್ನುವ ನೆಪ ಅವಳ ಕಸುಬಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಹೀಗಿರುವಾಗ ಬಂದವನು ಕನ್ನಡಕದವನು. ಕನ್ನಡಕ ತುಂಬಿದ ಪೆಟ್ಟಿಗೆ ಹೊತ್ತು ಊರಿಂದೂರಿಗೆ ಹೋಗಿ, ಸಂತೆಮೂಲೆಯಲ್ಲಿ ಮೇಜು ಹಾಕಿ, ಜನರ ಕಣ್ಣು ನೋಡಿ ಮಾರುವವನು. ಬಾಯಿ ದೊಡ್ಡದು. ತನ್ನ ಕನ್ನಡಕ ಹಾಕಿಕೊಂಡ ಮುದುಕನೊಬ್ಬ ಹೆಂಡತಿಯ ಮುಖ ಮೊದಲ ಸಲ ಸರಿಯಾಗಿ ಕಂಡು ಮತ್ತೆ ಮದುವೆಯಾಗೋಣ ಅಂದನಂತೆ. ಇನ್ನೊಬ್ಬನಿಗೆ ತನ್ನ ಮೇಲಿದ್ದ ಶನಿ ಇಳಿದು ಹೋಗುತ್ತಿರುವುದೇ ಕಂಡಿತಂತೆ. ಕಾರ್ಡು ಉಜ್ಜುವ ಮೆಷಿನ್ನಿಗೆ ನೆಟ್ಟು ಬೇಕೆಂದು ಅವನೂ ಅದೇ ತಳ್ಳುಗಾಡಿಯ ಅದೇ ಜಾತಿಯ ಡಬ್ಬಿ ಇಟ್ಟುಕೊಂಡಿದ್ದ.

"ಪಿನ್ನಕ್ಕ, ಇದು ಸತ್ತೋಯ್ತು," ಎಂದು ಮೇಜಿನ ಮೇಲಿಟ್ಟ.

"ತಾನೇ ಸತ್ತಿತೋ, ನೀನು ಕೊಂದ್ಯೋ?"

"ನಿಮ್ಮ ಹಾಗೆ ನಾನೂ ಹೊಸಾ ಬುದ್ಧಿ ತುಂಬೋಣ ಅಂತ ಹೋದೆ. ಎಷ್ಟೊತ್ತಾದ್ರೂ ದೀಪ ಮಿಟುಕ್ತಾನೇ ಇತ್ತು. ಬೇಜಾರಾಯ್ತು. ಪ್ಲಗ್ ಕಿತ್ತೆ."

"ತಲೆ ಬಿಚ್ಚಿ ಆಪರೇಷನ್ ಮಾಡೋವಾಗ ಡಾಕ್ಟ್ರಿಗೆ ಬೇಜಾರಾಗಿ ಎದ್ದು ಹೋದ ಹಾಗಾಯ್ತು," ಅಂದಳು ಪಿನ್ನಕ್ಕ. "ಬಿಟ್ಟೋಗು, ನೋಡ್ತೀನಿ."

"ಬಿಟ್ಟು ಹೋಗೋಕೆ ಆಗಲ್ಲ ಅಕ್ಕ, ಬಸ್ಸಿದೆ. ಅಷ್ಟರಲ್ಲಿ ನಿಮ್ಮ ಅಮ್ಮನ ಕಣ್ಣು ನೋಡಿಬಿಡ್ತೀನಿ. ಲೆಕ್ಕಕ್ಕೆ ಲೆಕ್ಕ."

ಅವನು ಅಮ್ಮನಿಗೆ ಒಂದಾದ ಮೇಲೊಂದು ಗಾಜು ಹಾಕಿ ತೋರಿಸುತ್ತಿರುವಾಗ ಪಿನ್ನಕ್ಕ ಡಬ್ಬಿಯ ಬಾಯಿ ಬಿಚ್ಚಿದಳು. ಪೂರ್ತಿ ಸತ್ತಿತ್ತು. ಇನ್ನು ಚಿಪ್ಪಿನ ಕಾಲುಗಳಿಗೇ ಕ್ಲಿಪ್ಪು ಕಚ್ಚಿಸಿ, ಅದೇ ಜಾತಿಯ ಒಳ್ಳೆಯ ಡಬ್ಬಿಯ ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಬರೆಯಬೇಕು. ಅವಳ ಹಳೆಯ ಲ್ಯಾಪ್‌ಟಾಪು ಕೈಕೊಟ್ಟಾಗ ಅದರಲ್ಲಿದ್ದ ಪ್ರತಿಗಳೆಲ್ಲ ಹೋಗಿದ್ದವು. ಆ ಜಾತಿಯದ್ದು ಉಳಿದದ್ದು ಒಂದೇ, ತಮ್ಮನದ್ದು. ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ, ಇರಲಿ, ಬರೆದು ಒಂದು ಸಲ ಪಿನ್ನು ಒತ್ತಿದರೆ ಅವನದೆಲ್ಲ ಅಳಿಸಿಹೋಗುತ್ತಲ್ಲ ಅಂದುಕೊಂಡಳು. ಬರೆದಳು. ಡಬ್ಬಿ ಕಣ್ಣು ಬಿಟ್ಟಿತು. ಅಂಗಿಯಿಂದ ಪಿನ್ನು ತೆಗೆದು ಒತ್ತಿ ಹಿಡಿದಳು. ಪಾಪ ಹೋಯಿತು. ಕನ್ನಡಕದವನ ಹೆಸರು ಹಾಕಿದಳು. ಬೀದಿ ಅಗೆಯುವವರು ಅವತ್ತು ಕೇಬಲ್ಲು ಕತ್ತರಿಸಿದ್ದರಿಂದ ಅಂಗಡಿಯಲ್ಲಿ ನೆಟ್ಟಿರಲಿಲ್ಲ. ವೈಫೈ ಹೆಸರು ಕಾಣಿಸುತ್ತಿದೆಯೋ ಇಲ್ಲವೋ ಅಷ್ಟೇ ನೋಡಿ ಕೊಟ್ಟಳು. ಅವನು ಬಸ್ಸಿಗೆ ಓಡಿದ.

ಜಾಣ ಕಾಗೆ ಹೇಸಿಗೆ ತಿಂತು ಅನ್ನುತ್ತಾರೆ. ಪಿನ್ನಿಗೆ ಅಳಿಯಬಾರದೆಂದು ತನ್ನ ಕೈಯಾರೆ ಕಟ್ಟಿದ್ದನ್ನು ಪಿನ್ನಿನಿಂದ ಅಳಿಸಿದೆನೆಂದು ಅವಳು ನಂಬಿದ್ದಳು. ಬೇರೆಯವರ ಡಬ್ಬಿಗಳಿಗೆ ಸಾವಿರ ಸಲ ಒತ್ತಿದ ಕೈ, ಯೋಚನೆ ಕೇಳದೆ ಒತ್ತಿತ್ತು.

ಹೊಸ ಕನ್ನಡಕ ಬಂದ ಮೇಲೆ ಅಮ್ಮ ರೇಡಿಯೋದ ಮೇಲಿನ ಧೂಳನ್ನು ಮೊದಲ ಸಲ ಕಂಡು ಮಗಳನ್ನು ಬೈದಳು. ಧೂಳು ಒರೆಸುತ್ತಿರುವಾಗಲೇ ಒಂದು ಬೆಳಿಗ್ಗೆ ಮುಳ್ಳಿನ ಹಿಂದೆ ಹಳದಿ ದೀಪ ಹತ್ತಿತು.

ಅಮ್ಮ ಕೂಗಲಿಲ್ಲ. ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, "ಬಂದ," ಅಂದಳು. ಅಷ್ಟೇ. ಆ ಒಂದು ಮಾತಿಗೆ ಪಿನ್ನಕ್ಕನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಬಿದ್ದು ಮೇಜು ಸುಟ್ಟಿತು. ಕತ್ತರಿ ಮಾಮ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಬಿಟ್ಟು ಓಡಿಬಂದ. ಹಿಂದೆಯೇ ಆ ಗಿರಾಕಿಯೂ ನೊರೆ ಸಮೇತ ಬಂದು, ಯಾರು ಏನೆಂದು ತಿಳಿಯದಿದ್ದರೂ ಅಮ್ಮನ ಕಾಲು ಮುಟ್ಟಿ ಹೋದ.

ಪಿನ್ನಕ್ಕ ಲ್ಯಾಪ್‌ಟಾಪಿನ ಮುಂದೆ ಕೂತಳು. ಅವಳ ಎದೆಯೂ ಕಲ್ಲಲ್ಲ. ಹಡಗಿನಿಂದ ಬಿದ್ದವನನ್ನು ಇನ್ಯಾವುದೋ ದೋಣಿ ಎತ್ತಿರಬಾರದೇಕೆ? ಯಾವುದೋ ದಡದಲ್ಲಿ ಜ್ವರ ಹಿಡಿದು ಮಲಗಿರಬಾರದೇಕೆ? ಕೂಗು ಹಾಕಿದ ಡಬ್ಬಿಯ ಗುರುತು ನೋಡಿದಳು. ತಮ್ಮನದ್ದೇ, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ. ಕಣ್ಣು ಮಂಜಾಯಿತು. ಒರೆಸಿಕೊಂಡು, ಡಬ್ಬಿಯ ಹಿಂದೆ ಏನೇನು ಸಾಮಾನು ಹಚ್ಚಿದ್ದಾನೆ, ಫೋನು ಯಾವುದು ಎಂದು ನೋಡಿದಳು. ಒಂದೇ ಒಂದು ಸಾಮಾನಿತ್ತು. ಕಾರ್ಡು ಉಜ್ಜುವ ಮೆಷಿನ್ನು.

ಅವಳಿಗೆ ಎಲ್ಲ ಹೊಳೆಯಿತು.

"ಏನಂತೆ?" ಅಮ್ಮ ಕೇಳಿದಳು. ಕನ್ನಡಕದ ಹಿಂದೆ ಆ ಕಣ್ಣುಗಳು ಎಷ್ಟು ದೊಡ್ಡದಾಗಿ ಕಂಡವು ಎಂದರೆ ಪಿನ್ನಕ್ಕನಿಗೆ ಬೇರೆ ಕಡೆ ನೋಡಬೇಕಾಯಿತು.

"ಅವನ ಗುರುತೇ ಅಮ್ಮ," ಅಂದಳು. ಅದು ಸುಳ್ಳಲ್ಲ. ನಿಜವೂ ಅಲ್ಲ.

ಅವತ್ತು ಅಮ್ಮ ತಟ್ಟೆ ತುಂಬ ಉಂಡಳು. ಮಾರನೆಯ ದಿನದಿಂದ ಎದ್ದು ಒಲೆಯ ಮುಂದೆ ನಿಂತಳು. ಮಗನ ಅಂಗಿಗಳನ್ನು ಒಗೆದು ಒಣಗಿಸಿದಳು. ಸಂಜೆ ದೀಪ ಆರಿದರೆ "ಮಲಗಿದ" ಅನ್ನುವಳು, ಬೆಳಿಗ್ಗೆ ಹತ್ತಿದರೆ "ಒಲೆ ಹಚ್ಚಿದ" ಅನ್ನುವಳು. ಯಾವುದೋ ಊರಿನ ಸಂತೆಮೂಲೆಯಲ್ಲಿ ಕನ್ನಡಕದವನು ಮೇಜು ಹಾಕುತ್ತಿದ್ದ, ಎತ್ತುತ್ತಿದ್ದ. ಇಲ್ಲಿ ಒಬ್ಬ ತಾಯಿ ಅವನ ವ್ಯಾಪಾರದ ಜೊತೆ ಏಳುತ್ತಿದ್ದಳು, ಮಲಗುತ್ತಿದ್ದಳು. ಪಿನ್ನಕ್ಕನಿಗೆ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇನ್ನೆರಡು ದಿನ ಉಣ್ಣಲಿ, ಮೈಗೆ ಶಕ್ತಿ ಬರಲಿ, ಆಮೇಲೆ ಹೇಳೋಣ ಅಂದುಕೊಳ್ಳುವಳು. ಎರಡು ದಿನ ಹೋಗಿ ಮತ್ತೆರಡು ದಿನ ಆಗುವುದು.

ಆದರೆ ಫೋನು ಬರಲಿಲ್ಲ.

ಮೊದಮೊದಲು ಅಮ್ಮನೇ ಕಾರಣ ಹೇಳುತ್ತಿದ್ದಳು. ಫೋನು ನೀರಿಗೆ ಬಿದ್ದಿರಬೇಕು. ನಂಬರು ಮರೆತಿರಬೇಕು. ಗಂಟಲು ಕಟ್ಟಿರಬೇಕು. ಕತ್ತರಿ ಮಾಮನೂ ಕೈಜೋಡಿಸಿದ: ಸಮುದ್ರದ ಉಪ್ಪುಗಾಳಿಗೆ ಕೆಲವರ ದನಿ ಆರು ತಿಂಗಳು ಹಿಂದೆ ಉಳಿದು ಆಮೇಲೆ ತಾನಾಗಿ ನಡೆದುಕೊಂಡು ಬರುತ್ತದಂತೆ. ಅಮ್ಮ ನಕ್ಕಳು. ದಿನ ಕಳೆದಂತೆ ಆ ನಗು ಸಣ್ಣದಾಯಿತು. ದೀಪ ಹತ್ತಿದಾಗ "ಒಲೆ ಹಚ್ಚಿದ" ಅನ್ನುವುದು ನಿಂತಿತು. ಸುಮ್ಮನೆ ನೋಡುವಳು. ತಟ್ಟೆ ಮತ್ತೆ ಸರಿಯತೊಡಗಿತು.

ಒಂದು ಮಧ್ಯಾಹ್ನ ಪಿನ್ನಕ್ಕ ಊಟಕ್ಕೆ ಕರೆಯಲು ಹೋದರೆ ಅಮ್ಮ ದೀಪದ ಕಡೆ ಬೆನ್ನು ತಿರುಗಿಸಿಕೊಂಡು ಕೂತಿದ್ದಳು.

"ಯಾಕಮ್ಮ ಹೀಗೆ ಕೂತಿದ್ದೀಯ?"

"ಅವನಿಗೆ ಕೋಪ ಬಂದಿದೆ ಕಣೇ."

"ಯಾರಿಗೆ?"

"ಇನ್ಯಾರಿಗೆ. ದಿನಾ ದಡದಲ್ಲೇ ಇದಾನೆ. ಬದುಕಿದೀನಿ ಅಂತ ತೋರಿಸ್ತಾನೆ, ಮಾತಾಡಲ್ಲ. ನಾನು ಅಂದೆನಲ್ಲ ಅವತ್ತು." ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಸಮುದ್ರಕ್ಕೆ ಎಸೀತಾರೆ ಅಂತ. ಯಾರಾದ್ರೂ ಹೆತ್ತ ಬಾಯಲ್ಲಿ ಅಂಥಾ ಮಾತು ಆಡ್ತಾರಾ? ನಗ್ತಾ ಉಂಡ. ಒಳಗೆ ನೊಂದ್ಕೊಂಡಿದ್ದ. ಒಂಚೂರು ಉಪ್ಪಿಗೆ ಮಗನನ್ನ ಕಳ್ಕೊಂಡೆ."

ಪಿನ್ನಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸತ್ತ ತಮ್ಮನನ್ನು ಅಮ್ಮನ ಕಣ್ಣಲ್ಲಿ ಬದುಕಿಸಿಟ್ಟಿದ್ದೇನೆಂದು ಅವಳು ಅಂದುಕೊಂಡಿದ್ದಳು. ಬದುಕಿಸಿ, ಅವನನ್ನು ಕಲ್ಲೆದೆಯವನನ್ನಾಗಿ ಮಾಡಿಟ್ಟಿದ್ದಳು. ಅವನೋ, ಬೀದಿ ನಾಯಿಗೂ ಹೋಗಿಬರ್ತೀನಿ ಅಂತ ಹೇಳಿ ಹಡಗು ಹತ್ತುತ್ತಿದ್ದವನು.

ಅವಳು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಳು.

"ಅವನಿಗೆ ಕೋಪ ಇಲ್ಲಮ್ಮ."

"ನಿಂಗೇನು ಗೊತ್ತು."

"ಗೊತ್ತು. ಆ ದೀಪ ಅವನದ್ದಲ್ಲ."

ಹೇಳಿದಳು. ಕ್ಲಿಪ್ಪು, ಪ್ರತಿ, ಪಿನ್ನು, ತಳದಲ್ಲಿ ಕಟ್ಟಿದ ದಾರಿ, ಕನ್ನಡಕದವನ ಮೆಷಿನ್ನು, ಒಂದೂ ಬಿಡಲಿಲ್ಲ. ಅಮ್ಮನಿಗೆ ಎಷ್ಟು ತಿಳಿಯಿತೋ. ಕೊನೆಗೆ ಕೇಳಿದ್ದು ಒಂದೇ.

"ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನಾನೇ."

ಅಮ್ಮ ಕನ್ನಡಕ ತೆಗೆದು ಮಡಚಿ ರೇಡಿಯೋದ ಮೇಲಿಟ್ಟಳು. "ನನ್ನ ಮುಂದಿಂದ ಎದ್ದೋಗು," ಅಂದಳು, ದನಿ ಏರಿಸದೆ.

ಆಮೇಲೆ ಎಷ್ಟೋ ದಿನ ಅವಳು ಮಗಳ ಜೊತೆ ಮಾತಾಡಲಿಲ್ಲ. ಕತ್ತರಿ ಮಾಮ ಬಂದು ಬಾಗಿಲಲ್ಲಿ ನಿಂತು, ಹೇಳಲು ಯಾವ ಕಥೆಯೂ ಇಲ್ಲದೆ ಹಿಂತಿರುಗಿದ. ಅವನು ಬರಿಗೈಯಲ್ಲಿ ಹಿಂತಿರುಗಿದ್ದನ್ನು ಬೀದಿ ನೋಡಿದ್ದು ಅದೇ ಮೊದಲು. ಅಮ್ಮ ಅತ್ತಳು. ಮಗ ಹೋದ ಸುದ್ದಿ ಬಂದಾಗ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಈಗ ಅತ್ತಳು. ಪಿನ್ನಕ್ಕ ಗೋಡೆಯ ಈಚೆ ಕೂತು ಯಾವ ಹೊಗೆಯ ನೆಪವೂ ಇಲ್ಲದೆ ಅತ್ತಳು. ಆಮೇಲೆ ಒಂದು ಬೆಳಿಗ್ಗೆ ಅಮ್ಮ ಚಹಾದ ಲೋಟ ತಂದು ಮಗಳ ಮೇಜಿನ ಮೇಲಿಟ್ಟು, ಅವಳ ಮುಖ ನೋಡದೆಯೇ ಅಂದಳು:

"ಉಪ್ಪಿಗೆ ಅವನು ಬೇಜಾರು ಮಾಡ್ಕೊಂಡಿರಲಿಲ್ಲ ಅಂತಾಯ್ತು."

"ಇಲ್ಲಮ್ಮ. ಎರಡು ಸಲ ಬಡಿಸ್ಕೊಂಡ."

"ಹೂಂ. ಎರಡು ಸಲ."

ಕನ್ನಡಕದವನು ಸುತ್ತು ಮುಗಿಸಿ ಬಂದಾಗ ಪಿನ್ನಕ್ಕ ಅವನನ್ನು ಬೀದಿಯ ತುದಿಯಲ್ಲೇ ತಡೆದು ವಿಷಯ ಹೇಳಿದಳು. ಅವನು ಪೆಟ್ಟಿಗೆಯನ್ನು ಬಗಲಿಗೆ ಒತ್ತಿಕೊಂಡು ಒಳಗೆ ಬಂದು, "ಅಮ್ಮ, ನಂಗೆ ಗೊತ್ತಿರಲಿಲ್ಲ," ಅಂದ.

"ಕೂತ್ಕೊ," ಅಂದಳು ಅಮ್ಮ. "ದೀಪ ಮೊದಲು ಹತ್ತಿದ ದಿನ ಎಲ್ಲಿದ್ದೆ?"

ಅವನು ಹೇಳಿದ. ನದಿಯ ಪಕ್ಕದ ಊರು, ಸೇತುವೆಯ ಕೆಳಗೆ ಮೇಜು. ಆಮೇಲೆ? ಆಮೇಲೆ ಗಿರಣಿಯ ಊರು, ಹತ್ತಿಯ ಧೂಳಿಗೆ ಎಲ್ಲರ ಕಣ್ಣೂ ಕೆಂಪು. ಒಂದು ದಿನ ದೀಪ ಹತ್ತಲೇ ಇಲ್ಲವಲ್ಲ, ಯಾಕೆ? ಅವತ್ತು ಜ್ವರ ಬಂದು ಮಲಗಿದ್ದೆನಮ್ಮ. ಯಾರು ನೋಡ್ಕೊಂಡ್ರು? ಯಾರೂ ಇಲ್ಲ. ಅಮ್ಮ ಊರೂರನ್ನೂ ಕೇಳಿದಳು. ಏನುಂಡೆ, ಎಲ್ಲಿ ಮಲಗಿದೆ ಎಂದೂ ಕೇಳಿದಳು. ಅವನು ಒಂದು ಸುಳ್ಳನ್ನೂ ಸೇರಿಸದೆ ಹೇಳಿದ. ಅವನ ಜೀವನದಲ್ಲಿ ಅಂಥಾ ಮಾತು ಅದೊಂದೇ ಇರಬೇಕು.

ಪಿನ್ನಕ್ಕ ಡಬ್ಬಿಗೆ ಬೇರೆ ಫರ್ಮ್‌ವೇರ್ ತುಂಬಲು ಸಿದ್ಧಮಾಡಿಕೊಂಡಿದ್ದಳು. ತಳದಿಂದ ಹೊಸದು, ಯಾರ ಮನೆಯ ದಾರಿಯೂ ಇಲ್ಲದ್ದು. ಕ್ಲಿಪ್ಪು ಕೈಗೆ ತೆಗೆದುಕೊಂಡಾಗ ಅಮ್ಮ ತಡೆದಳು.

"ಈಗ್ಲೇ ಬೇಡ. ಇವತ್ತಿನ ವ್ಯಾಪಾರ ಮಾಡ್ಕೊಂಡು ಬರಲಿ. ಆಮೇಲೆ ತೆಗಿ."

ಅವನು ಬೀದಿಯ ತುದಿಯಲ್ಲಿ ಮೇಜು ಹಾಕಿದ. ರೇಡಿಯೋದಲ್ಲಿ ದೀಪ ಹತ್ತಿತು. ಅಮ್ಮ ಕುರ್ಚಿಯನ್ನು ಎಂದಿನ ಜಾಗಕ್ಕೆ ಎಳೆದುಕೊಂಡು, ಮಗಳು ಕಸುಬು ಮಾಡುತ್ತಿರುವಾಗ ಇಡೀ ದಿನ ಅದನ್ನು ನೋಡುತ್ತ ಕೂತಳು. ಮಧ್ಯಾಹ್ನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಉಂಡಳು. ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಹೊರಟುಹೋಯಿತು. ಬೀದಿಯ ತುದಿಯಲ್ಲಿ ಮೇಜು ಮಡಚುವ ಸದ್ದಾಯಿತು.

ದೀಪ ಆರಿತು.

"ಮಲಗಿದ," ಅಂದಳು ಅಮ್ಮ.

ಕನ್ನಡಕದವನು ಒಳಗೆ ಬಂದು ಇನ್ನೂ ಬೆಚ್ಚಗಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಪಿನ್ನಕ್ಕ ಅದರ ಬಾಯಿ ಬಿಚ್ಚಿ ಚಿಪ್ಪಿಗೆ ಕ್ಲಿಪ್ಪು ಕಚ್ಚಿಸಿದಳು. ಬರೆಯುವುದು ಮುಗಿಯುವವರೆಗೆ ಮೂವರಲ್ಲಿ ಯಾರೂ ವಯರು ಮುಟ್ಟಲಿಲ್ಲ, ಯಾರಿಗೂ ಬೇಜಾರಾಗಲಿಲ್ಲ.